ರಿಗ್ ಕಂಪನಿ ಷೇರು: ಕೊಳ್ಳೋದು ಸರಿ, ಮಾರೋದು ಯಾವಾಗ?

ಹದಿನೆಂಟು ತುಂಬಿದ ಕೂಡಲೇ ಡಿಮ್ಯಾಟ್ ಅಕೌಂಟ್ ತೆರೆದವರು ನಮ್ಮ ಕ್ಯಾಂಪಸ್‌ನಲ್ಲಿ ಬೇಕಾದಷ್ಟು ಜನ ಇದ್ದೀವಿ. ಸ್ಟೈಪೆಂಡ್‌ನಲ್ಲಿ ಉಳಿಸಿದ್ದು, ಹಬ್ಬಕ್ಕೆ ಅಜ್ಜಿ ಕೈಗಿಟ್ಟಿದ್ದು, ಹೀಗೆ ಎಲ್ಲಾ ಸೇರಿಸಿ ಹತ್ತೋ ಇಪ್ಪತ್ತೋ ಸಾವಿರ ಹಾಕಿರ್ತೀವಿ. ಯಾವ ಷೇರು ತಗೋಬೇಕು ಅಂತ ಹೇಳೋಕೆ ಹಾಸ್ಟೆಲ್‌ನ ಪ್ರತಿ ರೂಮಲ್ಲೂ ಒಬ್ಬರು ಸಿಗ್ತಾರೆ. ಅದನ್ನ ಯಾವಾಗ ಮಾರಬೇಕು ಅಂತ ಕೇಳಿದ್ರೆ ಮಾತ್ರ ಎಲ್ಲರೂ ಸುಮ್ಮನಾಗ್ತಾರೆ.

ಸೋಪು, ಬಿಸ್ಕತ್ತು ಮಾಡೋ ಕಂಪನಿಯ ಷೇರಾದ್ರೆ ಈ ಪ್ರಶ್ನೆಯನ್ನ ವರ್ಷಗಟ್ಟಲೆ ಮುಂದೂಡಬಹುದು. ಕೆಲವು ಉದ್ಯಮಗಳಲ್ಲಿ ಹಾಗೆ ಮಾಡೋಕಾಗಲ್ಲ. ಉಕ್ಕು, ಸಕ್ಕರೆ, ಹಡಗು, ಮೆಮೊರಿ ಚಿಪ್ ಇವೆಲ್ಲ ಕೆಲವು ವರ್ಷ ಭರ್ಜರಿ ಲಾಭ, ಆಮೇಲೆ ಕೆಲವು ವರ್ಷ ನಷ್ಟ ಅನ್ನೋ ಚಕ್ರದಲ್ಲಿ ತಿರುಗ್ತಾ ಇರುತ್ತವೆ. ಇವನ್ನ ಸೈಕ್ಲಿಕಲ್ ಷೇರು ಅಂತಾರೆ. ಇವುಗಳಲ್ಲೆಲ್ಲಾ ಅತಿ ಜೋರಾಗಿ ಏರಿ ಇಳಿಯೋದು ಸಮುದ್ರದಲ್ಲಿ ತೈಲದ ಬಾವಿ ಕೊರೆಯೋ ಕಂಪನಿಗಳು. ಅವುಗಳ ಉದಾಹರಣೆ ಇಟ್ಟುಕೊಂಡು 'ಮಾರೋ ಹೊತ್ತು' ಅಂದ್ರೆ ಏನು ಅಂತ ಈ ಲೇಖನದಲ್ಲಿ ನೋಡೋಣ. ಇದು ಯಾವ ಷೇರನ್ನೂ ತಗೊಳ್ಳಿ, ಮಾರಿ ಅನ್ನೋ ಸಲಹೆ ಅಲ್ಲ. ಇಲ್ಲಿರೋ ಲೆಕ್ಕ ಅರ್ಥ ಆದ್ರೆ ಬೇರೆ ಸೈಕ್ಲಿಕಲ್ ಷೇರುಗಳಿಗೂ ಉಪಯೋಗಕ್ಕೆ ಬರುತ್ತೆ.

ಬೋರ್‌ವೆಲ್ ಲಾರಿಯ ದೊಡ್ಡಣ್ಣ

ಮೊದಲು ಒಂದು ಗೊಂದಲ ಬಗೆಹರಿಸೋಣ. ಡ್ರಿಲ್ಲಿಂಗ್ ಕಂಪನಿ ತೈಲ ಮಾರಲ್ಲ. ನಮ್ಮೂರಲ್ಲಿ ಬೋರ್‌ವೆಲ್ ಲಾರಿ ಬರುತ್ತಲ್ಲ, ಅದೇ ವ್ಯವಹಾರ ಇದು. ನೀರು ಬಂದ್ರೂ ಬರದಿದ್ರೂ ಲಾರಿಯವರಿಗೆ ಅಡಿ ಲೆಕ್ಕದಲ್ಲಿ ದುಡ್ಡು ಕೊಡಲೇಬೇಕು. ಸಮುದ್ರದಲ್ಲಿ ಅಡಿ ಲೆಕ್ಕದ ಬದಲು ದಿನದ ಬಾಡಿಗೆ ಇರುತ್ತೆ. ಅದಕ್ಕೆ ಡೇ ರೇಟ್ ಅಂತಾರೆ. ಬಾವಿ ಶೆಲ್‌ದೋ ಒಎನ್‌ಜಿಸಿದೋ ಆಗಿರುತ್ತೆ, ರಿಗ್ ಮಾತ್ರ ಬಾಡಿಗೆಗೆ ಬಂದಿರುತ್ತೆ. ಹಾಗೆಯೇ ಮಂಗಳೂರಿನ ಎಂಆರ್‌ಪಿಎಲ್ ಕೂಡ ತೈಲದ ಕಂಪನಿನೇ, ಆದ್ರೆ ಅದು ಶುದ್ಧೀಕರಣದ ಕೆಲಸ. ಅದರ ಲಾಭ ನಷ್ಟದ ಲೆಕ್ಕ ಪೂರ್ತಿ ಬೇರೆ.

ರಿಗ್‌ಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಕಾಲುಗಳನ್ನ ಸಮುದ್ರದ ತಳಕ್ಕೆ ಊರಿ ನಿಲ್ಲೋದು ಜ್ಯಾಕ್‌ಅಪ್. ನಮ್ಮ ಮುಂಬೈ ಹೈನಂಥ ಆಳ ಕಡಿಮೆ ಇರೋ ಕಡೆ ಇದೇ ಸಾಕು. ಅರ್ಧ ಮುಳುಗಿ ತೇಲೋದು ಸೆಮಿ-ಸಬ್‌ಮರ್ಸಿಬಲ್. ಮೂರನೆಯದು ಡ್ರಿಲ್‌ಶಿಪ್. ಇದು ಹಡಗೇ. ಕಂಪ್ಯೂಟರ್ ಹೇಳಿದ ಹಾಗೆ ಥ್ರಸ್ಟರ್‌ಗಳನ್ನ ತಿರುಗಿಸ್ತಾ, 3,000 ಮೀಟರ್‌ಗೂ ಹೆಚ್ಚು ಆಳದ ನೀರಿನ ಮೇಲೆ ಇದ್ದ ಜಾಗದಲ್ಲೇ ನಿಂತು ಕೊರೆಯುತ್ತೆ. 2010ರ ನಂತರದ ಭರಾಟೆಯಲ್ಲಿ ಒಂದು ಹೊಸ ಡ್ರಿಲ್‌ಶಿಪ್‌ಗೆ 60 ಕೋಟಿ ಡಾಲರ್‌ಗೂ ಹೆಚ್ಚು ಬೀಳ್ತಿತ್ತು, ಕಟ್ಟೋಕೆ ಎರಡು ಮೂರು ವರ್ಷ ಬೇಕಿತ್ತು. ಈ ಎರಡು ಸಂಖ್ಯೆ ನೆನಪಿರಲಿ, ಇಡೀ ಕಥೆ ಇವುಗಳ ಮೇಲೇ ನಿಂತಿದೆ.

30% ಹೇಗೆ 100% ಆಗುತ್ತೆ?

ಬರೀ ಲೆಕ್ಕಕ್ಕೆ ಅಂತ ಒಂದು ರಿಗ್ ತಗೊಳ್ಳೋಣ. ದಿನದ ಬಾಡಿಗೆ 5 ಲಕ್ಷ ಡಾಲರ್. ಸಿಬ್ಬಂದಿ, ರಿಪೇರಿ, ಊಟ, ಹೆಲಿಕಾಪ್ಟರ್ ಎಲ್ಲಾ ಸೇರಿ ದಿನಕ್ಕೆ 2 ಲಕ್ಷ ಖರ್ಚು. ಸಾಲದ ಕಂತು, ಬಡ್ಡಿ ಸೇರಿ ದಿನಕ್ಕೆ ಒಂದೂವರೆ ಲಕ್ಷ. ಕೈಯಲ್ಲಿ ಉಳಿಯೋದು ಒಂದೂವರೆ ಲಕ್ಷ.

ಈಗ ಬಾಡಿಗೆ 30% ಏರಿ 6.5 ಲಕ್ಷ ಆಯ್ತು ಅಂತ ಇಟ್ಟುಕೊಳ್ಳಿ. ಖರ್ಚು ಹಾಗೇ ಇದೆ, ಉಳಿಕೆ 3 ಲಕ್ಷ. ಅಂದ್ರೆ ಲಾಭ ಎರಡರಷ್ಟು. ಅದೇ ಬಾಡಿಗೆ 30% ಇಳಿದು 3.5 ಲಕ್ಷಕ್ಕೆ ಬಂದ್ರೆ? ಉಳಿಕೆ ಸೊನ್ನೆ. ಇನ್ನೂ ಇಳಿದ್ರೆ ಬಡ್ಡಿ ಕಟ್ಟೋಕೇ ಆಗಲ್ಲ. ಕೆಲಸವೇ ಸಿಗದ ರಿಗ್ಗನ್ನ ಸುಮ್ಮನೆ ಬಿಡೋ ಹಾಗೂ ಇಲ್ಲ. ಉಪ್ಪು ನೀರಲ್ಲಿ ನಿಂತ ಕಬ್ಬಿಣ, ಕಾಯೋಕೂ ದುಡ್ಡು ಬೇಕು, ಮತ್ತೆ ಚಾಲೂ ಮಾಡೋಕಂತೂ ಕೋಟಿಗಟ್ಟಲೆ ಡಾಲರ್ ಬೇಕು.

ಇದು ಪುಸ್ತಕದ ಲೆಕ್ಕ ಅಂದುಕೊಳ್ಳಬೇಡಿ. ಒಳ್ಳೇ ಡ್ರಿಲ್‌ಶಿಪ್‌ಗಳ ಡೇ ರೇಟ್ 2013ರ ಹೊತ್ತಿಗೆ 5-6 ಲಕ್ಷ ಡಾಲರ್ ಇತ್ತು. 2017-18ರಲ್ಲಿ ಒಂದೂವರೆ ಲಕ್ಷದ ಆಸುಪಾಸಿಗೆ ಬಂತು. ಮೇಲಿನ ಲೆಕ್ಕದಲ್ಲಿ ಈ ಸಂಖ್ಯೆ ಹಾಕಿ ನೋಡಿ, ಆ ಕಂಪನಿಗಳ ಗತಿ ಏನಾಗಿರಬಹುದು ಅಂತ ಗೊತ್ತಾಗುತ್ತೆ.

ಟೊಮೆಟೊ ಮೂರು ತಿಂಗಳ ಬೆಳೆ, ರಿಗ್ ಮೂರು ವರ್ಷದ ಬೆಳೆ

ಚಕ್ರ ಯಾಕೆ ತಿರುಗುತ್ತೆ ಅನ್ನೋದಕ್ಕೆ ಕೋಲಾರದ ಟೊಮೆಟೊ ಮಾರುಕಟ್ಟೆ ನೋಡಿದ್ರೆ ಸಾಕು. ರೇಟ್ ಏರಿದಾಗ ಎಲ್ಲರೂ ನಾಟಿ ಮಾಡ್ತಾರೆ. ಮೂರು ತಿಂಗಳಿಗೆ ಎಲ್ಲರ ಬೆಳೆಯೂ ಒಟ್ಟಿಗೆ ಬರುತ್ತೆ, ರೇಟ್ ಬಿದ್ದುಹೋಗುತ್ತೆ. ಆಗ ಯಾರೂ ನಾಟಿ ಮಾಡಲ್ಲ, ಮುಂದೆ ಮತ್ತೆ ರೇಟ್ ಏರುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದ್ತಿರೋರಿಗೆ ಇದು ಗೊತ್ತಿರೋದೇ: ಫೀಡ್‌ಬ್ಯಾಕ್‌ನಲ್ಲಿ ಡಿಲೇ ಇದ್ರೆ ಸಿಸ್ಟಮ್ ಓಲಾಡುತ್ತೆ. ಡಿಲೇ ಜಾಸ್ತಿ ಆದಷ್ಟೂ ಓಲಾಟನೂ ಜಾಸ್ತಿ.

ರಿಗ್ ವಿಷಯದಲ್ಲಿ ಡಿಲೇ ಮೂರು ವರ್ಷ. ಬ್ರೆಂಟ್ ತೈಲದ ಬೆಲೆ 2011ರಿಂದ 2014ರ ಮಧ್ಯದವರೆಗೆ ಬಹುಪಾಲು 100 ಡಾಲರ್ ಮೇಲೇ ಇತ್ತು. ಬಾಡಿಗೆ ಏರಿತು, ಕಂಪನಿಗಳು ಕೊರಿಯಾದ ಶಿಪ್‌ಯಾರ್ಡ್‌ಗಳಿಗೆ ಡ್ರಿಲ್‌ಶಿಪ್ ಆರ್ಡರ್ ಮೇಲೆ ಆರ್ಡರ್ ಕೊಟ್ಟವು. ಎಷ್ಟೋ ಆರ್ಡರ್ ಸಾಲದ ದುಡ್ಡಲ್ಲಿ. ಆ ಹಡಗುಗಳು ಒಂದೊಂದಾಗಿ ನೀರಿಗೆ ಇಳಿಯೋ ಹೊತ್ತಿಗೆ ಸರಿಯಾಗಿ ತೈಲದ ಬೆಲೆ ಕುಸಿಯೋಕೆ ಶುರುವಾಯ್ತು. 2014ರ ನವೆಂಬರ್ 27ರಂದು ಒಪೆಕ್ ದೇಶಗಳು ಉತ್ಪಾದನೆ ಕಡಿಮೆ ಮಾಡಲ್ಲ ಅಂತ ತೀರ್ಮಾನಿಸಿದವು. 2016ರ ಜನವರಿಯಲ್ಲಿ ಬ್ಯಾರೆಲ್‌ಗೆ 30 ಡಾಲರ್‌ಗೂ ಕೆಳಗೆ ಬಂತು. ಬಾಡಿಗೆಗೆ ಕರೆಯೋರೇ ಇಲ್ಲ, ಹೊಸ ಹಡಗುಗಳು ಮಾತ್ರ ಬರ್ತಾನೇ ಇವೆ.

ಅಗ್ಗ ಅನ್ನಿಸಿದ್ದು ಅಗ್ಗವಾ?

ಷೇರು ಅಗ್ಗವೋ ದುಬಾರಿಯೋ ನೋಡೋಕೆ ನಾವೆಲ್ಲ ಮೊದಲು ಕಲಿಯೋ ಅಳತೆ ಪಿ/ಇ. ಷೇರಿನ ಬೆಲೆಯನ್ನ ಒಂದು ಷೇರಿಗೆ ಬಂದ ವರ್ಷದ ಲಾಭದಿಂದ ಭಾಗಿಸಿದ್ರೆ ಬರೋ ಸಂಖ್ಯೆ. ಕಡಿಮೆ ಇದ್ರೆ ಅಗ್ಗ ಅಂತ ಲೆಕ್ಕ. ಸೈಕ್ಲಿಕಲ್ ಷೇರಿನಲ್ಲಿ ಇದೇ ಅಳತೆ ದಾರಿ ತಪ್ಪಿಸುತ್ತೆ.

ಟ್ರಾನ್ಸ್‌ಓಷನ್ ಅನ್ನೋ ಕಂಪನಿಯನ್ನ ನೋಡಿ. 2008ರ ಮಧ್ಯದಲ್ಲಿ ಅದರ ಷೇರು 150 ಡಾಲರ್ ದಾಟಿತ್ತು. ಆ ವರ್ಷದ ಲಾಭ ಸುಮಾರು 400 ಕೋಟಿ ಡಾಲರ್, ಷೇರಿಗೆ 13 ಡಾಲರ್ ಹತ್ತಿರ. ಅಂದ್ರೆ ಪಿ/ಇ 12ರ ಆಸುಪಾಸು. ಜುಲೈಯಲ್ಲಿ ಕಚ್ಚಾ ತೈಲ 147 ಡಾಲರ್ ಮುಟ್ಟಿ, ಡಿಸೆಂಬರ್‌ನಲ್ಲಿ 40 ಡಾಲರ್‌ಗೂ ಕೆಳಗೆ ಬಿತ್ತು. ವರ್ಷದ ಕೊನೆಗೆ ಷೇರು 50 ಡಾಲರ್‌ಗಿಂತ ಕಡಿಮೆ, ಪಿ/ಇ 4ಕ್ಕೂ ಕಡಿಮೆ. ಪರದೆ ಮೇಲೆ ಇಷ್ಟು ಅಗ್ಗದ ಷೇರು ಇನ್ನೊಂದಿಲ್ಲ ಅನ್ನೋ ಹಾಗಿತ್ತು.

ಆಗ ಕೊಂಡವರು ತಪ್ಪು ಮಾಡಿದ್ರಾ? ಇಲ್ಲ. 2010ರ ಏಪ್ರಿಲ್ ಹೊತ್ತಿಗೆ ಷೇರು 90 ಡಾಲರ್ ಹತ್ತಿರ ಬಂದಿತ್ತು, ಹೆಚ್ಚುಕಮ್ಮಿ ಎರಡರಷ್ಟು. ಅದೇ ತಿಂಗಳ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಈ ಕಂಪನಿಯ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಗೊಂಡು 11 ಜನ ಸತ್ತರು. ಕೆಲವೇ ವಾರಗಳಲ್ಲಿ ಷೇರು ಅರ್ಧಕ್ಕೆ ಬಿತ್ತು. ಇಂಥ ದುರಂತವನ್ನ ಯಾವ ಪಟ್ಟಿಯಿಂದಲೂ ಮೊದಲೇ ತಿಳಿಯೋಕಾಗಲ್ಲ, ಅದಕ್ಕೇ ಒಂದೇ ಷೇರಿಗೆ ಎಲ್ಲಾ ದುಡ್ಡು ಹಾಕಬಾರದು ಅನ್ನೋದು. ಆದ್ರೆ ಆ ಅಪಘಾತ ಬಿಟ್ಟು ನೋಡಿದ್ರೂ, '13 ಡಾಲರ್ ಲಾಭ ಮಾಡಿದ ಕಂಪನಿ, ಒಂದಲ್ಲ ಒಂದು ದಿನ 150ಕ್ಕೆ ಬಂದೇ ಬರುತ್ತೆ' ಅಂತ ಕಾದು ಕೂತವರ ಕಥೆ ಬೇರೆ. ಆ 13 ಡಾಲರ್ ಮತ್ತೆ ಬರಲೇ ಇಲ್ಲ. 2020ರ ಕೊನೆಯ ತಿಂಗಳುಗಳಲ್ಲಿ ಷೇರು ಒಂದು ಡಾಲರ್‌ಗೂ ಕೆಳಗೆ ಇಳಿದಿತ್ತು.

ಅಂದ್ರೆ ಪಿ/ಇಯಲ್ಲಿ ಛೇದದಲ್ಲಿರೋ ಲಾಭ ಶಿಖರದ್ದಾಗಿದ್ರೆ, ಬರೋ ಉತ್ತರ ಸುಳ್ಳು ಹೇಳುತ್ತೆ. ಪೀಟರ್ ಲಿಂಚ್ 1989ರ 'ಒನ್ ಅಪ್ ಆನ್ ವಾಲ್ ಸ್ಟ್ರೀಟ್' ಪುಸ್ತಕದಲ್ಲಿ ಷೇರುಗಳನ್ನ ಆರು ಜಾತಿಯಾಗಿ ವಿಂಗಡಿಸಿ, ಸೈಕ್ಲಿಕಲ್ ಷೇರಿನ ಬಗ್ಗೆ ಇದೇ ಎಚ್ಚರಿಕೆ ಕೊಡ್ತಾರೆ. ಕೆಲವು ವರ್ಷ ದಾಖಲೆ ಲಾಭ ಬಂದ ಮೇಲೆ ಪಿ/ಇ ತೀರಾ ಕಡಿಮೆ ಕಾಣ್ತಿದ್ರೆ, ಅದು ಒಳ್ಳೇ ಕಾಲ ಮುಗೀತಾ ಬಂದಿರೋ ಸೂಚನೆ ಆಗಿರಬಹುದು ಅಂತ.

ತೈಲಕ್ಕಿಂತ ಮೊದಲೇ ಬಿದ್ದ ಷೇರು

'ತೈಲದ ಬೆಲೆ ಬೀಳೋಕೆ ಶುರುವಾದಾಗ ಮಾರಿದ್ರಾಯ್ತು' ಅಂತ ಅನ್ನಿಸಬಹುದು. ಸೀಡ್ರಿಲ್ ಕಥೆ ಇದಕ್ಕೆ ಉತ್ತರ. ನಾರ್ವೆ ಮೂಲದ ಹಡಗು ಉದ್ಯಮಿ ಜಾನ್ ಫ್ರೆಡ್ರಿಕ್ಸನ್ ಹಿಡಿತದಲ್ಲಿದ್ದ ಕಂಪನಿ ಇದು. ಹೊಚ್ಚ ಹೊಸ ರಿಗ್‌ಗಳು, ಬೆಟ್ಟದಷ್ಟು ಸಾಲ. 2014ರಲ್ಲಿ ಮೂರು ತಿಂಗಳಿಗೆ ಒಂದು ಡಾಲರ್ ಡಿವಿಡೆಂಡ್ ಕೊಡ್ತಿತ್ತು.

ಅದರ ಷೇರು 45 ಡಾಲರ್ ದಾಟಿದ್ದು 2013ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದಲೇ ಇಳಿಯೋಕೆ ಶುರು. ಆಗ ತೈಲ ಇನ್ನೂ 100 ಡಾಲರ್ ಮೇಲಿತ್ತು, ಅದು ಬೀಳೋಕೆ ಇನ್ನೂ ಮುಕ್ಕಾಲು ವರ್ಷ ಬಾಕಿ ಇತ್ತು. ಹಾಗಾದ್ರೆ ಷೇರು ಯಾಕೆ ಇಳೀತು? ತೈಲ ಕಂಪನಿಗಳು ಖರ್ಚು ಬಿಗಿ ಮಾಡೋಕೆ ಶುರುಮಾಡಿದ್ವು, ಹೊಸ ರಿಗ್‌ಗಳ ಸಾಲು ದೊಡ್ಡದಾಗ್ತಿತ್ತು. ಇವೆರಡನ್ನೂ ಗಮನಿಸಿದವರು ಮೊದಲೇ ಮಾರಿ ಹೋಗ್ತಿದ್ರು. ಷೇರು ಇಳಿದಷ್ಟೂ ಡಿವಿಡೆಂಡ್ ಶೇಕಡಾವಾರು ಲೆಕ್ಕದಲ್ಲಿ ದೊಡ್ಡದಾಗಿ ಕಾಣ್ತಿತ್ತು, ಅದನ್ನೇ ನೋಡಿ ಹೊಸಬರು ಕೊಳ್ತಿದ್ರು. 2014ರ ನವೆಂಬರ್ 26ರಂದು, ಒಪೆಕ್ ಸಭೆಗೆ ಸರಿಯಾಗಿ ಒಂದು ದಿನ ಮೊದಲು, ಕಂಪನಿ ಡಿವಿಡೆಂಡ್ ನಿಲ್ಲಿಸಿತು. 2017ರ ಸೆಪ್ಟೆಂಬರ್‌ನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಸಾಲ ಕೊಟ್ಟವರು ಕಂಪನಿಯ ಮಾಲೀಕರಾದರು, ಹಳೇ ಷೇರುದಾರರಿಗೆ ಹೊಸ ಕಂಪನಿಯಲ್ಲಿ ಉಳಿದದ್ದು 2%ಗಿಂತ ಕಡಿಮೆ ಪಾಲು. 2021ರಲ್ಲಿ ಮತ್ತೊಮ್ಮೆ ಅದೇ ಆಯ್ತು.

ಇವರೊಬ್ಬರೇ ಅಲ್ಲ. ಡೈಮಂಡ್ ಆಫ್‌ಶೋರ್, ನೋಬಲ್, ವಲಾರಿಸ್, ಈ ಮೂರೂ 2020ರ ಏಪ್ರಿಲ್‌ನಿಂದ ಆಗಸ್ಟ್ ಒಳಗೆ ದಿವಾಳಿ ಅರ್ಜಿ ಹಾಕಿದವು. ಆಮೇಲೆ ಚಕ್ರ ಮತ್ತೆ ಮೇಲೆ ಬಂತು, 2023ರಲ್ಲಿ ಬಾಡಿಗೆಗಳೂ ಚೇತರಿಸಿಕೊಂಡ್ವು. ಆದ್ರೆ ಹಳೇ ಷೇರುದಾರರ ಪಾಲು ಅಷ್ಟರಲ್ಲಿ ಬಹುತೇಕ ಅಳಿಸಿಹೋಗಿತ್ತು. 'ಕಾದ್ರೆ ಒಂದು ದಿನ ವಾಪಸ್ ಬರುತ್ತೆ' ಅನ್ನೋದು ಉದ್ಯಮದ ವಿಷಯದಲ್ಲಿ ನಿಜ. ನಮ್ಮ ಕೈಲಿರೋ ಷೇರಿನ ವಿಷಯದಲ್ಲಿ ನಿಜ ಆಗಬೇಕಂತಿಲ್ಲ.

ಏನೇನು ಗಮನಿಸಬೇಕು?

ಮೊದಲನೆಯದು, ಹಳೇ ರಿಗ್‌ನ ಬೆಲೆ ಮತ್ತು ಹೊಸ ರಿಗ್‌ನ ಬೆಲೆ. ಕಂಪನಿಯ ಎಲ್ಲಾ ಷೇರುಗಳ ಒಟ್ಟು ಬೆಲೆಗೆ ಸಾಲವನ್ನ ಕೂಡಿಸಿ, ಕೈಲಿರೋ ನಗದನ್ನ ಕಳೆಯಿರಿ. ಅದನ್ನ ರಿಗ್‌ಗಳ ಸಂಖ್ಯೆಯಿಂದ ಭಾಗಿಸಿ. ಮಾರುಕಟ್ಟೆ ಒಂದು ರಿಗ್‌ಗೆ ಎಷ್ಟು ಬೆಲೆ ಕಟ್ತಿದೆ ಅಂತ ಗೊತ್ತಾಗುತ್ತೆ. ರಿಗ್‌ಗಳ ವಯಸ್ಸು, ಜಾತಿ ಬೇರೆ ಬೇರೆ ಇರೋದ್ರಿಂದ ಇದು ಒರಟು ಲೆಕ್ಕ, ಆದ್ರೂ ಬೇಕಾದಷ್ಟು ಹೇಳುತ್ತೆ. ಹೊಸದನ್ನ ಕಟ್ಟಿಸೋ ಖರ್ಚಿನ ಕಾಲು ಭಾಗವೋ ಅರ್ಧವೋ ಇದ್ರೆ ಯಾರೂ ಹೊಸದು ಕಟ್ಟಿಸಲ್ಲ. ಅದು ಹೊಸದರ ಬೆಲೆಯನ್ನ ಮುಟ್ಟಿ ದಾಟಿದ್ರೆ ಕಟ್ಟಿಸೋದೇ ಲಾಭ ಅಂತ ಎಲ್ಲರಿಗೂ ಅನ್ನಿಸೋಕೆ ಶುರುವಾಗುತ್ತೆ. ಶಿಪ್‌ಯಾರ್ಡ್‌ಗೆ ಆರ್ಡರ್ ಹೋಗೋ ಸುದ್ದಿ ಸಾಲುಸಾಲಾಗಿ ಬರೋಕೆ ಶುರುವಾದ್ರೆ ಎರಡು ಮೂರು ವರ್ಷದಲ್ಲಿ ಟೊಮೆಟೊ ಮಾರುಕಟ್ಟೆಗೆ ಬರುತ್ತೆ ಅಂತಲೇ ಅರ್ಥ.

ಎರಡನೆಯದು, ಹೊಸ ಕಾಂಟ್ರಾಕ್ಟ್‌ನ ರೇಟ್. ಈ ವರ್ಷ ಕಾಣಿಸೋ ಲಾಭ ಒಂದೆರಡು ವರ್ಷದ ಹಿಂದೆ ಸಹಿ ಹಾಕಿದ ಕಾಂಟ್ರಾಕ್ಟ್‌ಗಳದ್ದು. ಅದು ಹೋದ ಸೆಮಿಸ್ಟರ್‌ನ ಮಾರ್ಕ್ಸ್ ಕಾರ್ಡ್ ಇದ್ದ ಹಾಗೆ. ಈಗಿನ ಪರಿಸ್ಥಿತಿ ಗೊತ್ತಾಗೋದು ಇವತ್ತು ಸಹಿಯಾಗ್ತಿರೋ ಕಾಂಟ್ರಾಕ್ಟ್‌ನಲ್ಲಿ. ದೊಡ್ಡ ಡ್ರಿಲ್ಲಿಂಗ್ ಕಂಪನಿಗಳು 'ಫ್ಲೀಟ್ ಸ್ಟೇಟಸ್ ರಿಪೋರ್ಟ್' ಅಂತ ಆಗಾಗ ಪ್ರಕಟಿಸ್ತಾರೆ, ಪುಕ್ಕಟೆ ಓದಬಹುದು. ಯಾವ ರಿಗ್ ಎಲ್ಲಿದೆ, ಗಿರಾಕಿ ಯಾರು, ಕಾಂಟ್ರಾಕ್ಟ್ ಯಾವಾಗ ಮುಗಿಯುತ್ತೆ, ಬಹಳಷ್ಟಕ್ಕೆ ದಿನದ ಬಾಡಿಗೆ ಎಷ್ಟು ಅಂತಲೂ ಇರುತ್ತೆ. ಹೊಸ ರೇಟ್ ಹಳೇ ರೇಟ್‌ಗಿಂತ ಮೇಲಿದ್ರೆ ಮುಂದಿನ ವರ್ಷದ ಲಾಭ ಏರುತ್ತೆ. ಹೊಸ ರೇಟ್ ಏರೋದು ನಿಂತು, ಕಾಂಟ್ರಾಕ್ಟ್ ಅವಧಿ ಚಿಕ್ಕದಾಗಿ, ಎರಡು ಕಾಂಟ್ರಾಕ್ಟ್‌ಗಳ ನಡುವೆ ಖಾಲಿ ತಿಂಗಳುಗಳು ಕಾಣಿಸಿದ್ರೆ ಎಚ್ಚರ. ಕಂಪನಿ ಆಗ ದಾಖಲೆ ಲಾಭ ತೋರಿಸ್ತಿದ್ರೂ ಸರಿಯೇ.

ಮೂರನೆಯದು, ಗಿರಾಕಿಯ ಬಜೆಟ್. ದೊಡ್ಡ ತೈಲ ಕಂಪನಿಗಳು ಮುಂದಿನ ವರ್ಷ ಎಷ್ಟು ಖರ್ಚು ಮಾಡ್ತೀವಿ ಅಂತ ಮೊದಲೇ ಹೇಳ್ತಾರೆ. 2024ರ ಜನವರಿಯಲ್ಲಿ ಸೌದಿ ಸರ್ಕಾರ ಅರಾಮ್ಕೋಗೆ ಉತ್ಪಾದನಾ ಸಾಮರ್ಥ್ಯವನ್ನ ದಿನಕ್ಕೆ 1.3 ಕೋಟಿ ಬ್ಯಾರೆಲ್‌ಗೆ ಏರಿಸೋ ಯೋಜನೆ ಬಿಟ್ಟು 1.2 ಕೋಟಿಯಲ್ಲೇ ಇರಲಿ ಅಂದಿತು. ಆ ವರ್ಷ ಅರಾಮ್ಕೋ ಒಂದರ ಹಿಂದೊಂದು ಜ್ಯಾಕ್‌ಅಪ್‌ಗಳನ್ನ ಕೆಲಸದಿಂದ ನಿಲ್ಲಿಸಿತು. ತೈಲದ ಬೆಲೆ ಕುಸಿದಿರಲಿಲ್ಲ, ಹೊಸ ರಿಗ್ ಆರ್ಡರ್‌ಗಳೂ ವಿಶೇಷ ಇರಲಿಲ್ಲ. ಆದ್ರೂ 2023ರಲ್ಲಿ 8 ಡಾಲರ್ ಮುಟ್ಟಿದ್ದ ಟ್ರಾನ್ಸ್‌ಓಷನ್ ಷೇರು 2024ರ ಕೊನೆಗೆ 4 ಡಾಲರ್‌ಗಿಂತ ಕೆಳಗಿತ್ತು. ಅದಕ್ಕೇ ಒಂದೇ ಗುರುತನ್ನ ನಂಬಿಕೊಂಡು ಕೂರೋಕಾಗಲ್ಲ.

ನಾಲ್ಕನೆಯದು ಸಾಲ. ಇದನ್ನ ಕೊಳ್ಳೋಕೆ ಮೊದಲೇ ನೋಡಬೇಕು. ಎಷ್ಟು ಸಾಲ ಅನ್ನೋದಕ್ಕಿಂತ ಯಾವ ವರ್ಷ ತೀರಿಸಬೇಕು ಅನ್ನೋದು ಮುಖ್ಯ. ಕೆಟ್ಟ ಕಾಲದ ನಡುವೆ ದೊಡ್ಡ ಕಂತು ಬಂದು ಬಿದ್ರೆ ಷೇರುದಾರರಿಗೆ ಚಕ್ರದ ಮುಂದಿನ ಸುತ್ತು ನೋಡೋ ಯೋಗ ಇರಲ್ಲ. ಇದಕ್ಕೆ ಉದಾಹರಣೆ ಹುಡುಕೋಕೆ ಅಮೆರಿಕಕ್ಕೆ ಹೋಗಬೇಕಿಲ್ಲ. ಚೆನ್ನೈನ ಅಬಾನ್ ಆಫ್‌ಶೋರ್ 2006-07ರಲ್ಲಿ ಸಾಲ ಮಾಡಿ ನಾರ್ವೆಯ ಸಿನ್‌ವೆಸ್ಟ್ ಕಂಪನಿಯನ್ನ ಕೊಂಡಿತು. 2008ರ ಆರಂಭದಲ್ಲಿ ಅದರ ಷೇರು ₹5,000 ಆಸುಪಾಸಿನಲ್ಲಿತ್ತು. ಸಾಲ ತೀರಿಸೋಕಾಗದೆ, ವರ್ಷಗಳ ನಂತರ ₹100ಕ್ಕೂ ಕೆಳಗೆ ಬಂತು.

ಮಾರೋದು ಹೇಗೆ?

ಶಿಖರದ ದಿನವೇ ಮಾರ್ತೀವಿ ಅನ್ನೋದು ಆಗದ ಮಾತು. ಶಿಖರ ಯಾವುದು ಅಂತ ಗೊತ್ತಾಗೋದು ಇಳಿದ ಮೇಲೇ. ಅದಕ್ಕೆ ಮೂರು ಪಾಲು ಮಾಡೋದು ಒಂದು ದಾರಿ. ಮಾರುಕಟ್ಟೆ ಕಟ್ಟೋ ಬೆಲೆ ಹೊಸ ರಿಗ್‌ನ ಬೆಲೆ ಹತ್ತಿರ ಬಂದಾಗ ಒಂದು ಪಾಲು ಮಾರೋದು. ಶಿಪ್‌ಯಾರ್ಡ್ ಆರ್ಡರ್ ಶುರುವಾದಾಗಲೋ ಗಿರಾಕಿಗಳು ಬಜೆಟ್ ಕಡಿತ ಮಾಡಿದಾಗಲೋ ಎರಡನೇ ಪಾಲು. ಹೊಸ ಕಾಂಟ್ರಾಕ್ಟ್‌ನ ರೇಟ್ ಹಳೆಯದಕ್ಕಿಂತ ಕೆಳಗೆ ಬಂದ ದಿನ ಕೊನೇ ಪಾಲು, ಬೆಲೆ ಎಷ್ಟೇ ಇರಲಿ. ಮೊದಲ ಪಾಲು ಮಾರಿದ ಮೇಲೆ ಷೇರು ಇನ್ನೂ ಏರಬಹುದು. ಏರಲಿ, ಉಳಿದ ಎರಡು ಪಾಲು ನಮ್ಮತ್ರ ಇದೆ.

ಈ ಮೂರು ಸಾಲನ್ನ ಕೊಳ್ಳೋ ದಿನವೇ ಬರೆದಿಡಬೇಕು. ಯಾಕಂದ್ರೆ ಮಾರಬೇಕಾದ ದಿನ ಬಂದಾಗ ಸುತ್ತ ಎಲ್ಲಾ ಒಳ್ಳೇ ಸುದ್ದಿನೇ ಇರುತ್ತೆ: ದಾಖಲೆ ಲಾಭ, ಕಡಿಮೆ ಪಿ/ಇ, ದೊಡ್ಡ ಡಿವಿಡೆಂಡ್, ಗ್ರೂಪ್‌ನಲ್ಲಿ ಎಲ್ಲರ ಸ್ಕ್ರೀನ್‌ಶಾಟ್. ಆ ಹೊತ್ತಲ್ಲಿ ತಲೆ ಓಡಲ್ಲ, ಬರೆದಿಟ್ಟದ್ದೇ ಕೆಲಸಕ್ಕೆ ಬರೋದು.

ಇನ್ನು ಟ್ಯಾಕ್ಸ್ ನೆಪ. ನಮ್ಮಲ್ಲಿ 2024ರ ಜುಲೈ 23ರಿಂದ ಲಿಸ್ಟೆಡ್ ಷೇರನ್ನ ವರ್ಷದೊಳಗೆ ಮಾರಿದ್ರೆ ಲಾಭದ ಮೇಲೆ 20%, ವರ್ಷ ದಾಟಿದ ಮೇಲೆ ₹1.25 ಲಕ್ಷ ಮೀರಿದ ಲಾಭಕ್ಕೆ 12.5% ತೆರಿಗೆ. ಲಾಭದ 7.5% ಉಳಿಸೋಕೆ ಅಂತ ನಾಲ್ಕು ತಿಂಗಳು ಕಾಯೋದು ಬೇರೆ ಷೇರಿನಲ್ಲಿ ಜಾಣತನ ಇರಬಹುದು. ನಾಲ್ಕು ತಿಂಗಳಲ್ಲಿ ಅರ್ಧಕ್ಕೆ ಬೀಳಬಲ್ಲ ಷೇರಿನಲ್ಲಿ ಅಲ್ಲ.

ಷೇರು ಕೊಳ್ಳದವರಿಗೂ ಒಂದು ಮಾತು

ಮೆಕ್ಯಾನಿಕಲ್, ಕೆಮಿಕಲ್ ಬ್ರ್ಯಾಂಚ್‌ನವರಿಗೆ ತೈಲ ಸೇವಾ ಕಂಪನಿಗಳು ಕನಸಿನ ಕೆಲಸ. ಸಂಬಳ ದೊಡ್ಡದು, ದೇಶ ಸುತ್ತಬಹುದು. ಅವರು ಧಾರಾಳವಾಗಿ ಕೆಲಸ ಕೊಡೋದೂ ಚಕ್ರ ಮೇಲಿದ್ದಾಗಲೇ. ಈಗ ಎಸ್‌ಎಲ್‌ಬಿ ಅಂತ ಕರೆಯೋ ಷ್ಲಂಬರ್ಜರ್ ಕಂಪನಿ 2015ರ ಜನವರಿಯಲ್ಲಿ 9,000, ಏಪ್ರಿಲ್‌ನಲ್ಲಿ ಮತ್ತೆ 11,000 ಜನರನ್ನ ತೆಗೀತೀವಿ ಅಂತ ಪ್ರಕಟಿಸಿತು. ಹಾಗಂತ ಆ ಕೆಲಸಕ್ಕೆ ಹೋಗಬೇಡಿ ಅಂತ ನಾವು ಹೇಳ್ತಿಲ್ಲ. ಹೋಗೋರು ಒಂದು ನೆನಪಿಟ್ಟುಕೊಳ್ಳಿ: ಸಂಬಳ ಬರೋ ಉದ್ಯಮದಲ್ಲೇ ಉಳಿತಾಯವನ್ನೂ ಹಾಕಿದ್ರೆ ಎರಡೂ ಒಂದೇ ದಿನ ಬೀಳುತ್ತವೆ. ಒಳ್ಳೇ ವರ್ಷಗಳಲ್ಲಿ ಬಂದದ್ದರಲ್ಲಿ ಒಂದು ಪಾಲನ್ನ ತೈಲಕ್ಕೆ ಸಂಬಂಧವೇ ಇಲ್ಲದ ಕಡೆ ಇಡಿ. ಕೆಟ್ಟ ವರ್ಷಗಳು ಬಂದಾಗ ಮನೆಗೆ ಕಳಿಸೋಕೆ ಅದೇ ಇರುತ್ತೆ.